ವೇಶ್ಯಾವೃತ್ತಿ ಲೀಗಲ್ ಮಾಡಿದ್ರೆ ಬಡ ಹೆಂಗಸರಿಗೆ ನಿಜವಾಗ್ಲೂ ಅನುಕೂಲ ಆಗುತ್ತಾ?

ಫ್ಲೈಓವರ್ ಪಕ್ಕದ ಮನೆ (ಪ್ರಶ್ನೆ):

ಎಲ್ರಿಗೂ ನಮಸ್ಕಾರ. ವಿಷ್ಯ ಸ್ವಲ್ಪ ಸೂಕ್ಷ್ಮ, ತಮಾಷೆ ಮಾಡೋಕೆ ಬರೋರು ದಯವಿಟ್ಟು ಈ ಥ್ರೆಡ್ ಬಿಟ್ಬಿಡಿ. ಬೆಂಗಳೂರಲ್ಲಿ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪಲ್ಲಿ ಒಂದು ಮನವಿ ಪತ್ರ ಓಡಾಡ್ತಿದೆ. ಮೇನ್ ರೋಡ್ ಫ್ಲೈಓವರ್ ಕೆಳಗೆ ಸಂಜೆ ಮೇಲೆ ನಿಲ್ಲೋ ಹೆಂಗಸರನ್ನ ಅಲ್ಲಿಂದ ಓಡಿಸಿ ಅಂತ ಸ್ಟೇಷನ್‌ಗೆ ಕೊಡೋ ಪತ್ರ, ಎಲ್ರೂ ಸೈನ್ ಹಾಕಿ ಅಂತಿದಾರೆ. ನಾನು ಇನ್ನೂ ಹಾಕಿಲ್ಲ, ಯಾಕಂದ್ರೆ ಅವರಲ್ಲಿ ಒಬ್ಬರನ್ನ ನಾನು ದಿನಾ ಬೆಳಿಗ್ಗೆ ನೋಡ್ತೀನಿ, ಅದೇ ರೋಡಲ್ಲಿ ಸೊಪ್ಪು ಮಾರ್ತಾರೆ, ನಮ್ಮಮ್ಮ ದಂಟಿನ ಸೊಪ್ಪು, ಮೆಂತ್ಯ ಎಲ್ಲ ತಗೊಳೋದು ಅವ್ರ ಹತ್ರಾನೇ. ಬೆಳಿಗ್ಗೆ ಚೌಕಾಸಿ ಮಾಡಿ ಸೊಪ್ಪು ತಗೊಂಡು ಸಂಜೆ ಅವ್ರ ಮೇಲೇ ಕಂಪ್ಲೇಂಟ್ ಕೊಡೋದು ನನ್ನಿಂದ ಆಗ್ತಿಲ್ಲ.

ಆಫೀಸಲ್ಲಿ ಈ ಮಾತು ಬಂದಾಗ ಒಬ್ಬ ಫ್ರೆಂಡ್ ಹೇಳಿದ, ಜರ್ಮನಿ ಥರ ಲೀಗಲ್ ಮಾಡಿ ಲೈಸೆನ್ಸ್ ಕೊಟ್ಟು ಹೆಲ್ತ್ ಚೆಕಪ್ ಮಾಡಿಸಿ ಟ್ಯಾಕ್ಸ್ ತಗೊಂಡ್ರೆ ಮುಗೀತು, ರೌಡಿ ಮಾಮೂಲೂ ಇರಲ್ಲ ಪೊಲೀಸ್ ಮಾಮೂಲೂ ಇರಲ್ಲ ಅಂತ. ಇನ್ನೊಬ್ಬರು ಸೀನಿಯರ್, ಹಂಗೆ ಮಾಡಿದ್ರೆ ಬಡವರ ಮನೆ ಹೆಣ್ಮಕ್ಕಳನ್ನೆಲ್ಲ ಸರ್ಕಾರನೇ ಮಾರ್ಕೆಟ್‌ಗೆ ತಳ್ಳಿದಂಗಾಗುತ್ತೆ, ಹಸಿವಿದ್ದೋಳು ಒಪ್ಕೊಂಡ್ಳು ಅಂದ್ರೆ ಅದು ಒಪ್ಪಿಗೆನಾ ಅಂದ್ರು. ಇಬ್ಬರ ಮಾತೂ ಸರಿ ಅನ್ಸುತ್ತೆ, ಹಂಗಾಗೋಕೆ ಸಾಧ್ಯ ಇಲ್ಲ ಅಂತನೂ ಗೊತ್ತು. ಈಗ ನಮ್ಮಲ್ಲಿ ಇದು ಲೀಗಲ್ಲಾ ಇಲ್ಲೀಗಲ್ಲಾ? 2022ರಲ್ಲಿ ಸುಪ್ರೀಂ ಕೋರ್ಟ್ ಲೀಗಲ್ ಮಾಡ್ತು ಅಂತ ಎಲ್ಲೋ ಓದಿದ್ದೆ. ಬಡತನಕ್ಕೂ ಇದಕ್ಕೂ ಇರೋ ಗಂಟನ್ನ ಕಾನೂನಿಂದ ಬಿಡಿಸೋಕಾಗುತ್ತಾ? ಈ ಫೀಲ್ಡಲ್ಲಿ ಕೆಲಸ ಮಾಡಿರೋರು ಹೇಳಿ.

ಧಾರವಾಡ ವಕೀಲ:

ಇಂಡಿಯಾದಲ್ಲಿ ಇದು ಈಗ್ಲೂ ಇಲ್ಲೀಗಲ್ ಅಲ್ಲ ಸರ್, 2022ಕ್ಕೆ ಮುಂಚೆನೂ ಅಲ್ಲ. ವಯಸ್ಕ ಹೆಂಗಸು ತನ್ನಿಷ್ಟದಿಂದ, ಒಬ್ಬಳೇ, ತನ್ನ ಮನೇಲಿ ಮಾಡಿದ್ರೆ ಅದು ಅಪರಾಧ ಅಂತ ಯಾವ ಕಾನೂನೂ ಹೇಳಲ್ಲ. ಆದ್ರೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ನಾವೆಲ್ಲ ಐಟಿಪಿಎ ಅಂತೀವಿ, ಅದು ಅವಳ ಸುತ್ತಮುತ್ತ ಇರೋ ಎಲ್ಲಾನೂ ಅಪರಾಧ ಮಾಡಿಟ್ಟಿದೆ.

ನೋಡಿ, ವೇಶ್ಯಾಗೃಹ ಅಂದ್ರೆ ನಾವು ಮುಂಬೈ ಕಾಮಾಟಿಪುರದ ಬಿಲ್ಡಿಂಗ್ ಅನ್ಕೋತೀವಿ, ಕಾಯ್ದೆಯ ಸೆಕ್ಷನ್ 2ರಲ್ಲಿರೋ ಅರ್ಥ ಅದಲ್ಲ, ಇಬ್ಬರು ಹೆಂಗಸರು ಬಾಡಿಗೆ ಹಂಚ್ಕೊಂಡು ಇಬ್ಬರ ಲಾಭಕ್ಕೂ ಒಂದು ರೂಮ್ ಬಳಸಿದ್ರೂ ಅದು ವೇಶ್ಯಾಗೃಹ. ಅಂದ್ರೆ ಜೊತೆಗೊಬ್ಬಳು ಇರ್ಲಿ, ಕಸ್ಟಮರ್ ಗಲಾಟೆ ಮಾಡಿದ್ರೆ ಕೂಗೋಕೆ ಒಬ್ಬಳಿರ್ತಾಳೆ ಅಂತ ಸೇಫ್ಟಿಗೆ ಮಾಡ್ಕೊಂಡ ಏರ್ಪಾಡೇ ಅಪರಾಧ. ಸೆಕ್ಷನ್ 4 ಇನ್ನೂ ಕಷ್ಟ. ಅವಳ ಸಂಪಾದನೆಯಲ್ಲಿ ಗೊತ್ತಿದ್ದೂ ಬದುಕೋ 18 ವರ್ಷ ದಾಟಿದವರಿಗೆ 2 ವರ್ಷದವರೆಗೂ ಜೈಲು. ಬರೆದಿದ್ದು ಪಿಂಪ್‌ಗಳನ್ನ ಹಿಡಿಯೋಕೆ, ಆದ್ರೆ ಅವಳು ಓದಿಸ್ತಿರೋ ಡಿಗ್ರಿ ಓದೋ ಮಗ, ಹಾಸಿಗೆ ಹಿಡಿದ ಅಮ್ಮ ಇವರೂ ಆ ವಾಕ್ಯದೊಳಗೆ ಬಂದ್ಬಿಡ್ತಾರೆ. ಸೆಕ್ಷನ್ 7ರಲ್ಲಿ ದೇವಸ್ಥಾನ, ಸ್ಕೂಲು, ಹಾಸ್ಟೆಲ್, ಆಸ್ಪತ್ರೆಯಿಂದ 200 ಮೀಟರ್ ಒಳಗಿದ್ರೆ ಅಪರಾಧ, ನಮ್ಮ ಊರುಗಳಲ್ಲಿ 200 ಮೀಟರ್‌ಗೆ ಒಂದು ಗುಡಿ ಇಲ್ಲದ ಜಾಗ ಎಲ್ಲಿದೆ ಹೇಳಿ. ಸೆಕ್ಷನ್ 8 ಅಂದ್ರೆ ರಸ್ತೇಲಿ ನಿಂತು ಕರೆಯೋದು, ನಿಮ್ಮ ಏರಿಯಾ ಪತ್ರ ಕೊನೆಗೆ ಹೋಗಿ ನಿಲ್ಲೋದು ಇಲ್ಲೇ. ಹೆಂಗಸಿಗೆ ಮೊದಲ ಸಲಕ್ಕೆ 6 ತಿಂಗಳವರೆಗೂ ಶಿಕ್ಷೆ, ಅದೇ ಗಂಡಸು ಮಾಡಿದ್ರೆ 7 ದಿನದಿಂದ 3 ತಿಂಗಳು. ಗಿರಾಕಿ ಅಂತ ಸಿಕ್ಕಿಬಿದ್ದವರ ಮೇಲೆ ಐಟಿಪಿಎ 3, 4, 5 ಹಾಕಿದ ಕೇಸ್‌ಗಳನ್ನ ನಮ್ಮ ಹೈಕೋರ್ಟ್ ಎಷ್ಟೋ ಸಲ ರದ್ದು ಮಾಡಿದೆ, ಅವರಿಗೆ ಈ ಸೆಕ್ಷನ್‌ಗಳು ಅನ್ವಯಿಸಲ್ಲ ಅಂತ. ಹೀಗಾಗಿ ಆ ರಾತ್ರಿಯ ಭಾರವೆಲ್ಲ ಹೊರೋದು ಅವಳೊಬ್ಬಳೇ.

ಇನ್ನು ನೀವು ಓದಿದ 2022ರ ಆದೇಶ. ಅದು ಬುದ್ಧದೇವ್ ಕರ್ಮಾಸ್ಕರ್ ಕೇಸು. 1999ರಲ್ಲಿ ಕೋಲ್ಕತ್ತಾದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯನ್ನ ಕೊಂದವನ ಮೇಲ್ಮನವಿ, 2011ರಲ್ಲಿ ವಜಾ ಆಯ್ತು, ಕೋರ್ಟ್ ಅಷ್ಟಕ್ಕೇ ಬಿಡದೆ ಅದನ್ನೇ ಸಾರ್ವಜನಿಕ ಹಿತಾಸಕ್ತಿ ಕೇಸ್ ಮಾಡಿ ಒಂದು ಸಮಿತಿ ನೇಮಿಸ್ತು. 2022ರ ಮೇ 19ಕ್ಕೆ ನಾಗೇಶ್ವರ ರಾವ್, ಗವಾಯಿ, ನಮ್ಮ ಕೊಡಗಿನ ಬೋಪಣ್ಣ ಅವರ ಪೀಠ ಆದೇಶ ಕೊಡ್ತು. ಪೇಪರ್‌ನೋರು 'ವೇಶ್ಯಾವೃತ್ತಿ ಈಗ ಕಾನೂನುಬದ್ಧ, ಪೊಲೀಸರು ಮುಟ್ಟೋ ಹಾಗಿಲ್ಲ' ಅಂತ ಹೆಡ್ಡಿಂಗ್ ಹಾಕಿದ್ರು. ಆದೇಶ ತೆಗೆದು ಓದಿ. ಒಪ್ಪಿಗೆಯಿಂದ ಮಾಡೋ ವಯಸ್ಕರ ತಂಟೆಗೆ ಪೊಲೀಸ್ ಹೋಗಬಾರದು, ರೇಡ್ ಆದಾಗ ಹೆಂಗಸರನ್ನ ಅರೆಸ್ಟ್ ಮಾಡಬಾರದು ಅನ್ನೋ ಸಮಿತಿ ಶಿಫಾರಸುಗಳಿಗೆ ಕೇಂದ್ರ ಸರ್ಕಾರ ತಕರಾರು ತೆಗೆದಿತ್ತು, ಅವು ಕಡ್ಡಾಯ ನಿರ್ದೇಶನದಲ್ಲಿ ಬಂದಿಲ್ಲ. ಕಡ್ಡಾಯ ಆಗಿದ್ದು ಬೇರೆ: ಅತ್ಯಾಚಾರ ಆದ್ರೆ ಬೇರೆ ಯಾವ ಹೆಂಗಸಿಗೂ ಸಿಗೋ ಚಿಕಿತ್ಸೆ ಇವಳಿಗೂ ಸಿಗಬೇಕು, ರಕ್ಷಣಾ ಗೃಹಗಳಲ್ಲಿ ಇಷ್ಟ ಇಲ್ಲದೆ ಕೂಡಿಹಾಕಿರೋ ವಯಸ್ಕರ ಸರ್ವೇ ಮಾಡಿ ಬಿಡುಗಡೆಗೆ ವ್ಯವಸ್ಥೆ ಮಾಡ್ಬೇಕು, ಪೊಲೀಸರು ಬಾಯಿಗೆ ಬಂದಂಗೆ ಬಯ್ಯೋದು ಹೊಡಿಯೋದು ಮಾಡಬಾರದು, ಕಾಂಡೋಮ್ ಇಟ್ಕೊಂಡಿದ್ದನ್ನ ಅಪರಾಧದ ಸಾಕ್ಷಿ ಅನ್ನಬಾರದು, ಮಾಧ್ಯಮದೋರು ಮುಖ ತೋರಿಸಬಾರದು, ಇಂಥವು. ಜೊತೆಗೆ ಆಧಾರ್ ಕೊಡೋ ವ್ಯವಸ್ಥೆ.

ನನ್ನ ಅಭಿಪ್ರಾಯ ಕೇಳಿದ್ರೆ, ಲೈಸೆನ್ಸ್ ಬೇಡ. ಸೆಕ್ಷನ್ 8 ತೆಗೆದುಹಾಕಿ, ವೇಶ್ಯಾಗೃಹದ ವ್ಯಾಖ್ಯಾನ ಸರಿಮಾಡಿ, ಸೆಕ್ಷನ್ 4ನ್ನ ದಬ್ಬಾಳಿಕೆಯಿಂದ ದುಡ್ಡು ಕೀಳೋರಿಗೆ ಮಾತ್ರ ಸೀಮಿತ ಮಾಡಿ. ಹುಡುಗೀರನ್ನ ತಂದು ಮಾರೋರ ಮೇಲಿರೋ ಸೆಕ್ಷನ್ 5, ಕೂಡಿಹಾಕೋರ ಮೇಲಿರೋ 6, ಈಗಿನ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 143, 144 ಇವೆಲ್ಲ ಹಾಗೇ ಇರ್ಲಿ, ಇನ್ನೂ ಗಟ್ಟಿಯಾಗ್ಲಿ. 2006ರಲ್ಲಿ ಸೆಕ್ಷನ್ 8 ತೆಗೆಯೋ ತಿದ್ದುಪಡಿ ಮಸೂದೆ ಬಂದಿತ್ತು, ಅದ್ರಲ್ಲೇ ಗಿರಾಕಿಗೆ ಶಿಕ್ಷೆ ಕೊಡೋ ಹೊಸ ಸೆಕ್ಷನ್ನೂ ಇತ್ತು, ಅದರ ಮೇಲೆ ಜಗಳ ಆಗಿ ಕೊನೆಗೆ ಮಸೂದೆನೇ ಬಿದ್ದುಹೋಯ್ತು.

ಎರಡು ಹೆಣ್ಮಕ್ಕಳ ಅಪ್ಪ:

ವಕೀಲರೇ, ನಿಮ್ಮ ಸೆಕ್ಷನ್‌ಗಳೆಲ್ಲ ಸರಿ ಇರಬಹುದು. ಆದ್ರೆ ಕಾನೂನು ಅಂದ್ರೆ ಬರೀ ಶಿಕ್ಷೆ ಅಲ್ಲ, ಸಮಾಜ ಏನನ್ನ ಒಪ್ಪುತ್ತೆ ಅನ್ನೋದೂ ಅದರಲ್ಲಿ ಇರುತ್ತೆ. ಇವತ್ತು ಸೆಕ್ಷನ್ 8 ತೆಗೀರಿ, ನಾಳೆ ಬ್ರೋಕರ್‌ಗಳು ಇದು ತಪ್ಪೇ ಅಲ್ವಂತೆ ಬಾ ಅಂತ ಹಳ್ಳಿ ಹಳ್ಳಿ ಸುತ್ತುತಾರೆ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಬೆಂಗಳೂರಲ್ಲಿ ಕೆಲಸ ಕೊಡಿಸ್ತೀನಿ ಅಂತ ಬರೋ ಏಜೆಂಟ್‌ಗಳನ್ನ ನಾನು ಕಣ್ಣಾರೆ ನೋಡಿದೀನಿ. ಬಡತನ ಇರೋವರೆಗೂ ಇಷ್ಟಪಟ್ಟು ಬಂದೆ ಅನ್ನೋ ಮಾತನ್ನ ನಾನು ನಂಬಲ್ಲ. ಆ ಹೆಂಗಸರಿಗೆ ಶಿಕ್ಷೆ ಬೇಡ, ಅದನ್ನ ನಾನೂ ಒಪ್ತೀನಿ, ಆದ್ರೆ ಹೋಗೋ ಗಂಡಸರಿಗೆ ಶಿಕ್ಷೆ ಆಗ್ಲೇಬೇಕು. ಸ್ವೀಡನ್‌ನಲ್ಲಿ 1999ರಿಂದ ಕೊಳ್ಳೋದು ಅಪರಾಧ, ಮಾರೋದು ಅಲ್ಲ. ನಮ್ಮಲ್ಲೂ ಅದೇ ಆಗಬೇಕು.

ಚಾಮರಾಜಪುರಂ ಅಕ್ಕ:

ನಾನು ಮೈಸೂರು ಕಡೆ ಎಚ್‌ಐವಿ ತಡೆ ಪ್ರಾಜೆಕ್ಟಲ್ಲಿ ಫೀಲ್ಡ್ ವರ್ಕ್ ಮಾಡಿದೋಳು, ಟಿಐ ಅಂತಾರಲ್ಲ ಅದು. ನನ್ನ ಜೊತೆ ಪಿಯರ್ ಆಗಿ ಕೆಲಸ ಮಾಡ್ತಿದ್ದೋರೆಲ್ಲ ಇದೇ ವೃತ್ತಿ ಹೆಂಗಸರು, ಅವ್ರೇ ನಮಗೆ ಪಾಠ ಹೇಳ್ಕೊಟ್ಟಿದ್ದು.

ಮೇಲೆ ಹೇಳಿರೋ ಅಣ್ಣಂಗೆ ಒಂದು ಮಾತು. ಬಡತನ ಅಂದ ತಕ್ಷಣ ನಾವು ಊಟಕ್ಕಿಲ್ಲದೆ ಬಂದ್ರು ಅನ್ಕೋತೀವಿ, ನಾನು ನೋಡಿದ್ದು ಅಷ್ಟು ನೇರ ಇಲ್ಲ. ಹೆಚ್ಚಿನೋರು ಮೊದಲೇ ಏನೋ ಒಂದು ಕೆಲಸ ಮಾಡ್ತಿರ್ತಾರೆ, ಮನೆಗೆಲಸ, ಗಾರೆ ಕೆಲಸ, ಹೂ ಕಟ್ಟೋದು, ಗಾರ್ಮೆಂಟ್ಸು. 2011ರಲ್ಲಿ 14 ರಾಜ್ಯಗಳ 3,000 ಹೆಂಗಸರನ್ನ ಮಾತಾಡಿಸಿ ಒಂದು ದೇಶವ್ಯಾಪಿ ಸರ್ವೇ ಆಗಿತ್ತು, ಅದರಲ್ಲೂ ಬಹಳಷ್ಟು ಜನ ಬೇರೆ ಕೂಲಿ ಕೆಲಸಗಳನ್ನ ಮಾಡಿ ಆಮೇಲೆ ಬಂದೋರು. ಆ ಕೆಲಸಗಳು ಹೊಟ್ಟೆಗೆ ಸಾಲುತ್ತೆ, ಆದ್ರೆ ಒಟ್ಟಿಗೆ ದುಡ್ಡು ಬೇಕಾದಾಗ ಸಾಲಲ್ಲ. ಜೂನ್ ಬಂತು ಸ್ಕೂಲ್ ಫೀಸ್, ಗಂಡ ಬಿಟ್ಟುಹೋದ, ಅಮ್ಮಂಗೆ ಆಪರೇಷನ್, ಸಂಘದ ವಾರದ ಕಂತು. ಈ ಕಂತಿನ ವಿಷ್ಯ ನೀವು ಹತ್ರದಿಂದ ನೋಡ್ಬೇಕು. ಒಬ್ಬ ಅಕ್ಕನ ಬ್ಯಾಗಲ್ಲಿ ಮೂರು ಬೇರೆಬೇರೆ ಸಂಘದ ಪಾಸ್‌ಬುಕ್ ಇದ್ವು, ರಬ್ಬರ್ ಬ್ಯಾಂಡ್ ಹಾಕಿ ಇಟ್ಕೊಂಡಿದ್ಲು, ಒಂದರ ಕಂತು ಸೋಮವಾರ ಒಂದರದ್ದು ಬುಧವಾರ ಒಂದರದ್ದು ಶುಕ್ರವಾರ, ಅವಳು ಸ್ಪಾಟ್‌ಗೆ ಬರ್ತಿದ್ದಿದ್ದೂ ಭಾನುವಾರ ಮಂಗಳವಾರ ಗುರುವಾರ. ಬೇರೆ ದಿನ ಕರೆದ್ರೂ ಬರ್ತಿರ್ಲಿಲ್ಲ. ಅವಳನ್ನ ನಿಲ್ಲಿಸಬೇಕಾದ್ರೆ ಐಟಿಪಿಎ ಯಾವ ಸೆಕ್ಷನ್ ಹಾಕ್ಬೇಕು ಹೇಳಿ.

ಪೊಲೀಸ್ ಭಯ ಏನು ಮಾಡುತ್ತೆ ಅಂತನೂ ಹೇಳ್ತೀನಿ. ಜೀಪ್ ಲೈಟ್ ಕಂಡ್ರೆ ಸಾಕು ಕಾಂಡೋಮ್ ಚರಂಡಿಗೆ ಎಸೀತಿದ್ರು, ಬ್ಯಾಗಲ್ಲಿ ಸಿಕ್ರೆ ಅದೇ ಸಾಕ್ಷಿ ಅಂತ. ನಾವು ಸಂಜೆ ಕೊಟ್ಟಿದ್ದು ರಾತ್ರಿ ಚರಂಡಿಲಿ. ಆಮೇಲೆ ಬಂದ ಕಸ್ಟಮರ್ ಜೊತೆ ಹಂಗೇ ಹೋಗೋದು. ಓಡಿಸಿದ್ರೆ ಬಿಡ್ತಾರೆ ಅಂತ ನಿಮ್ಮ ಏರಿಯಾದೋರು ಅನ್ಕೊಂಡಿದ್ರೆ ದಯವಿಟ್ಟು ತಿಳ್ಕೊಳ್ಳಿ, ಬಿಡಲ್ಲ, ಇನ್ನೂ ಕತ್ತಲಿರೋ ಜಾಗಕ್ಕೆ ಹೋಗ್ತಾರೆ, ರಿಂಗ್ ರೋಡ್ ಆಚೆ ಲಾರಿ ನಿಲ್ಲೋ ಕಡೆ. ಅಲ್ಲಿ ಕೂಗಿದ್ರೂ ಯಾರಿಗೂ ಕೇಳ್ಸಲ್ಲ, ದರಾನೂ ಕಮ್ಮಿ. ಗಿರಾಕಿಗೆ ಶಿಕ್ಷೆ ಅಂದ್ರೂ ಇದೇ ಆಗೋದು ಅಣ್ಣಾ, ಹೆದರಿರೋ ಗಂಡಸು ಬೇಗ ಗಾಡಿ ಹತ್ತು ಅಂತಾನೆ, ಇವನು ಕುಡಿದಿದಾನಾ ಎಷ್ಟು ಜನ ಇದಾರೆ ಅಂತ ನೋಡೋ ಟೈಮೂ ಅವಳಿಗೆ ಸಿಗಲ್ಲ.

ಹಂಗಂತ ಲೈಸೆನ್ಸ್ ಅಂದ್ರೂ ನಂಗೆ ಸಿಟ್ಟೇ ಬರುತ್ತೆ. ಯಾರು ಹೋಗಿ ಫೋಟೋ ಕೊಟ್ಟು ರಿಜಿಸ್ಟರ್ ಆಗ್ತಾರೆ? ನಮ್ಮ ಕರ್ನಾಟಕದಲ್ಲಿ ಮುಂಬೈ ಥರ ಗಲ್ಲಿ ಇಲ್ಲ, ರಸ್ತೆ, ಲಾಡ್ಜು, ಮನೆ, ಈಗ ಫೋನು, ಅಷ್ಟೇ. ಮುಕ್ಕಾಲು ಪಾಲು ಹೆಂಗಸರಿಗೆ ಅತ್ತೆ ಮನೇಲಿ ಗೊತ್ತಿರಲ್ಲ, ಮಕ್ಕಳಿಗೆ ಗೊತ್ತಿರಲ್ಲ. ಆ ಕಾರ್ಡ್ ಒಂದು ದಿನ ಮಗಳ ಕೈಗೆ ಸಿಕ್ರೆ? ಹಂಗಾಗಿ ಲೈಸೆನ್ಸ್ ತಗೊಳೋಕಾಗೋದು ಲಾಡ್ಜ್ ಓನರ್‌ಗೆ, ಇವಳು ಲೈಸೆನ್ಸ್ ಇಲ್ದೋಳು ಅಂತ ಇನ್ನೂ ಕೆಳಗೆ ಹೋಗ್ತಾಳೆ, ಅಷ್ಟೇ.

ಪುನರ್ವಸತಿ ಅಂತ ಕೊಡೋದು ಏನು ಗೊತ್ತಾ, ಹೊಲಿಗೆ ಮಿಷನ್. ಎಲ್ರಿಗೂ ಹೊಲಿಗೆ ಮಿಷನ್. ಒಂದು ಬೀದಿಲಿ ನಾಲ್ಕು ಮಿಷನ್ ಆದ್ರೆ ಬ್ಲೌಸ್ ಹೊಲಿಸೋರು ಎಲ್ಲಿಂದ ಬರ್ಬೇಕು. ಸರ್ಕಾರದ ಚೇತನ ಯೋಜನೆ ಇದೆ, ದಮನಿತ ಮಹಿಳೆಯರಿಗೆ, ಅಂದ್ರೆ ಈ ವೃತ್ತಿ ಹೆಂಗಸರಿಗೆ ಅಂತ ಮಹಿಳಾ ಅಭಿವೃದ್ಧಿ ನಿಗಮದಿಂದ ಸಹಾಯಧನ, ಸಿಕ್ಕಿದೋರು ಸಣ್ಣ ಅಂಗಡಿ ಇಟ್ಟು ನಿಂತ್ಕೊಂಡಿರೋದೂ ಇದೆ, ಆದ್ರೆ ಅರ್ಜಿ ಹಾಕೋರು ನೂರಾರು, ಸಿಗೋದು ಕೈಬೆರಳೆಣಿಕೆ. ಗೃಹಲಕ್ಷ್ಮಿ 2,000 ಬಂದಾಗ ನಂಗೆ ತುಂಬಾ ಆಸೆ ಇತ್ತು, ಆದ್ರೆ ಅದು ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋರಿಗೆ. ಗಂಡನ ಮನೆ ಬಿಟ್ಟು ಬಂದೋಳ ಹೆಸರು ಇನ್ನೂ ಊರಲ್ಲಿ ಅತ್ತೆ ಕಾರ್ಡಲ್ಲೇ ಇರುತ್ತೆ, ದುಡ್ಡು ಅತ್ತೆ ಅಕೌಂಟ್‌ಗೆ ಹೋಗುತ್ತೆ. ಕೋವಿಡ್ ಟೈಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗುರುತಿನ ಚೀಟಿ ಕೇಳದೆ ರೇಷನ್ ಕೊಡಿ ಅಂತ ಹೇಳ್ತಲ್ಲ, ಆಗ ಅಕ್ಕಿ ತಗೊಂಡು ಹೋದ ಹೆಂಗಸರಲ್ಲಿ ಒಬ್ಬಳು ನಂಗೆ ಹೇಳಿದ್ಲು, ಇವತ್ತು ರಾತ್ರಿ ಯಾರಾದ್ರೂ ಬಂದ್ರೆ ಬೇಡ ಅಂತೀನಿ ಅಕ್ಕ ಅಂತ. ಲೀಗಲ್ಲು ಇಲ್ಲೀಗಲ್ಲು ಅಂತ ನೀವು ಕೇಳ್ತಿದ್ದೀರಲ್ಲ, ನಂಗೆ ಬೇಕಾಗಿರೋದು ಆ ಬೇಡ ಅನ್ನೋ ಧೈರ್ಯ. ಮನೇಲಿ ಹತ್ತು ಕೆಜಿ ಅಕ್ಕಿ, ಅಕೌಂಟಲ್ಲಿ ಅವಳ ಹೆಸರಿಗೇ ಬರೋ ದುಡ್ಡು, ಸ್ಟೇಷನ್‌ಗೆ ಹೋದ್ರೆ ಕಂಪ್ಲೇಂಟ್ ಬರ್ಕೊಳೋ ಪೊಲೀಸು, ಇಷ್ಟಿದ್ರೆ ಬರುತ್ತೆ ಅದು.

ಮಲಪ್ರಭಾ ದಂಡಿ:

ಮೈಸೂರಿನ ಅಕ್ಕಾರು ಬರೆದಿದ್ದು ಓದಿದೆ, ಭಾಳ ಚೊಲೋ ಬರದೀರಿ. ಆದ್ರ ನಮ್ಮ ಕಡೆ ಕಥೀನ ಬ್ಯಾರೆ ಐತ್ರಿ, ಅದನ್ನ ಹೇಳಲಿಲ್ಲಂದ್ರ ಈ ಚರ್ಚೆ ಪೂರ್ತಿ ಆಗೂದಿಲ್ಲ.

ನಮ್ಮವ್ವಗ ಸವದತ್ತಿ ಎಲ್ಲಮ್ಮನ ಹೆಸರಿಲೆ ಮುತ್ತು ಕಟ್ಟಿದ್ರು, ಅಂದ್ರ ದೇವದಾಸಿ ಮಾಡಿದ್ರು, ಆಕಿಗಿನ್ನೂ ಬುದ್ಧಿನೂ ಬಂದಿರಲಿಲ್ಲ. ನಮ್ಮಜ್ಜಗ ಗಂಡುಮಕ್ಕಳಿರಲಿಲ್ಲ, ಮಗಳಿಗೆ ಮುತ್ತು ಕಟ್ಟಿದ್ರ ಮನ್ಯಾಗ ಉಳೀತಾಳ, ದುಡದು ಹಾಕತಾಳ ಅನ್ನೂದು ಲೆಕ್ಕ. ದೇವಿ ಹೆಸರು ಮ್ಯಾಲ, ಒಳಗಿದ್ದದ್ದು ಬಡತನ, ಅದರ ಒಳಗಿದ್ದದ್ದು ಜಾತಿ. ಇಷ್ಟಪಟ್ಟು ಬರ್ತಾರು, ಇಷ್ಟ ಇಲ್ದ ಬರ್ತಾರು ಅಂತ ನೀವು ವಾದ ಮಾಡ್ತೀರಲ್ರಿ, ಒಂದು ಪ್ರಶ್ನೆ ಕೇಳ್ತೀನಿ. ಇದು ಆಯ್ಕೆ ಅಂದ್ರ ಆ ಆಯ್ಕೆ ನಮ್ಮ ಕೇರಿಗಷ್ಟ ಯಾಕ ಬಂತು? ಊರಾಗಿನ ದೊಡ್ಡ ಮನಿ ಹೆಣ್ಣುಮಕ್ಕಳಿಗೆ ಒಬ್ಬರಿಗೂ ಯಾಕ ಬರಲಿಲ್ಲ? ಮುತ್ತು ಕಟ್ಟಿಸಿಕೊಂಡಾಕಿ ಹೊಲೇರಾಕಿ, ಮಾದಿಗರಾಕಿ, ಆಕಿನ ಇಟ್ಟುಕೊಂಡಾವ ಹೊಲ ಇದ್ದಾವ.

1982ರಾಗ ದೇವದಾಸಿ ನಿಷೇಧ ಕಾಯ್ದೆ ಮಾಡಿದ್ರು, 1984ರಿಂದ ಜಾರಿ. ಅದಾದ ಮ್ಯಾಲ ಗುಡಿ ಮುಂದ ಕಟ್ಟೂದು ನಿಂತು ಮನ್ಯಾಗ ಗುಟ್ಟಾಗಿ ಕಟ್ಟೂದು ಚಾಲೂ ಆತು. 1993-94ರ ಸರ್ವೇದಾಗ 22,873 ಮಂದಿ ಸಿಕ್ಕರು, 2007-08ರಾಗ ಮತ್ತ 23,787. ಈ ಎರಡು ಸರ್ವೇದಾಗ ಹೆಸರಿದ್ದವರಿಗೆ ಮಾತ್ರ ಪಿಂಚಣಿ, ಮನಿ. ಕಾಯ್ದೆ ಆತು, ಆದ್ರ ಹೊಲ ಬರಲಿಲ್ಲ, ಕೆಲಸ ಬರಲಿಲ್ಲ, ಹಿಂಗಾಗಿ ನಮ್ಮ ಓಣಿ ಹೆಣ್ಣುಮಕ್ಕಳು ಮುಂಬೈಕ್ಕ, ಪುಣೆಕ್ಕ, ಸಾಂಗ್ಲಿ ಮೀರಜಕ್ಕ ಹೋದ್ರು. ನಮ್ಮ ದೊಡ್ಡವ್ವ ಕಾಮಾಟಿಪುರದಾಗಿದ್ಲು. ಆಕಿ ಕಳಸಿದ ಮನಿಯಾರ್ಡರ್‌ನಾಗ ತಮ್ಮಂದಿರ ಮದುವಿ ಆದ್ವು, ಮನಿಗೆ ಸ್ಲ್ಯಾಬ್ ಬಿತ್ತು. ಆಕಿ ಜಡ್ಡಾಗಿ ತಿರುಗಿ ಬಂದಾಗ ಆ ಸ್ಲ್ಯಾಬಿನ ಮನ್ಯಾಗ ಆಕಿಗೆ ಮಲಗಾಕ ಜಾಗ ಕೊಟ್ಟದ್ದು ದನದ ಕೊಟಿಗ್ಯಾಗ. ಊಟದ ತಾಟು ಬ್ಯಾರೆ, ಚರಿಗಿ ಬ್ಯಾರೆ. ನಾ ಸಣ್ಣಾಕಿದ್ದೆ, ಆಕಿಗೆ ರೊಟ್ಟಿ ಒಯ್ದು ಕೊಡೂ ಕೆಲಸ ನಂದು.

ಅದಕ್ಕ ನನಗ ಲೀಗಲ್ ಅಂದ್ರ ಹೊಟ್ಟ್ಯಾಗ ಬೆಂಕಿ ಬೀಳ್ತದ. ಸರ್ಕಾರ ಇದೂ ಒಂದು ಕೆಲಸ ಅಂತ ಸಿಕ್ಕಾ ಹೊಡದ್ರ, ನಮ್ಮ ಕೇರಿ ಹುಡುಗೂರಿಗೆ ನಿಮಗ ಈ ಕೆಲಸ ಐತಲ್ಲ ಅಂತಾರ. ನಮ್ಮ ಸಾಲಿಯೊಳಗ ಒಬ್ಬ ಮಾಸ್ತರು ನನಗ ಅಂದಿದ್ರು, ನೀ ಎಷ್ಟು ಓದಿದ್ರೂ ಕಡೀಕ ನಿಮ್ಮವ್ವನ ದಾರಿನ ಅಂತ. ಲೀಗಲ್ ಮಾಡಿದ್ರ ಆ ಮಾತಿಗೆ ಕಾಯ್ದೆ ಬಲ ಬಂದಂಗಲ್ಲೇನ್ರಿ? ನಾ ಬಿಎಡ್ ಮಾಡೀನಿ, ಈಗ ನಾನೂ ಮಾಸ್ತರ್ತಿ. ನನ್ನ ವರ್ಗದಾಗಿನ ಹುಡುಗಿಗೆ ಯಾವನೂ ಹಂಗ ಅನಬಾರದು.

ಹಂಗಂತ ನಮ್ಮವ್ವನಂಥಾವರನ್ನ ಪೊಲೀಸರು ಹಿಡಕೊಂಡು ಹೋಗಬೇಕು ಅಂತ ನಾ ಅನ್ನೂದಿಲ್ಲ. ಹಿಡೀಬ್ಯಾಡ್ರಿ, ಹೊಡೀಬ್ಯಾಡ್ರಿ. ನಮ್ಮ ಸಂಘಟನೆದವ್ರು ಎಷ್ಟೋ ವರ್ಷದಿಂದ ಕೇಳೂದು ಹೊಲ. ಎರಡೆಕರೆ ಹೊಲ ಅವ್ವನ ಹೆಸರಿಲೆ ಇದ್ದಿದ್ರ ನಮ್ಮಜ್ಜ ಮುತ್ತು ಕಟ್ಟತಿರಲಿಲ್ಲ, ಇದನ್ನ ನಾ ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ. 2025ರ ಆಗಸ್ಟ್‌ನಾಗ ಹೊಸ ದೇವದಾಸಿ ಮಸೂದೆ ವಿಧಾನಮಂಡಲದಾಗ ಪಾಸಾತು, ಮಕ್ಕಳ ಅರ್ಜಿಯೊಳಗ ಅಪ್ಪನ ಹೆಸರು ಕಡ್ಡಾಯ ಅಲ್ಲ ಅಂತ ಅದರಾಗ ಐತಿ. ನನಗ ಅದು ಸಣ್ಣ ಮಾತಲ್ಲ. ನಾ ಹತ್ತನೇತ್ತೆ ಫಾರ್ಮ್ ತುಂಬುವಾಗ ಆ ಕಾಲಮ್ಮಿನ್ಯಾಗ ನಮ್ಮ ಮಾವನ ಹೆಸರು ಬರದಿದ್ರು, ಇವತ್ತಿಗೂ ನನ್ನ ಮಾರ್ಕ್ಸ್‌ಕಾರ್ಡಿನ್ಯಾಗ ಅದ ಐತಿ.

ಚಾಮರಾಜಪುರಂ ಅಕ್ಕ:

ತಂಗಿ, ನಿನ್ನ ದೊಡ್ಡವ್ವನ ವಿಷ್ಯ ಓದಿ ಕಣ್ಣು ತುಂಬ್ತು. ಜಾತಿ ಪ್ರಶ್ನೆಗೆ ನನ್ನ ಹತ್ರ ಎದುರು ಮಾತಿಲ್ಲ. ಒಂದು ಮಾತ್ರ ಹೇಳ್ತೀನಿ, ಸಾಂಗ್ಲೀಲಿ ವ್ಯಾಂಪ್ ಅಂತ ಇದೇ ವೃತ್ತಿ ಹೆಂಗಸರ ಸಂಘ ಇದೆಯಲ್ಲ, 1996ರಿಂದ, ಅದರಲ್ಲಿ ನಿಮ್ಮ ಕಡೆಯಿಂದ ಹೋದ, ಕನ್ನಡ ಮಾತಾಡೋ, ದೇವದಾಸಿ ಮನೆತನದ ಹೆಂಗಸರೇ ಎಷ್ಟೋ ಜನ. ಅವರು ನಮ್ಮನ್ನ ಕಾಪಾಡೋಕೆ ಬರಬೇಡಿ, ಹಕ್ಕು ಕೊಡಿ ಅಂತಾರೆ. ನೀನೂ ಅದೇ ನೋವಿಂದ ಬಂದೋಳು, ಅವ್ರೂ ಅದೇ ನೋವಿಂದ ಬಂದೋರು, ಹೇಳೋದು ಬೇರೆ. ನಾನು ಇಬ್ಬರಲ್ಲಿ ಯಾರನ್ನೂ ಸುಳ್ಳು ಅನ್ನೋಕಾಗಲ್ಲ. ಕೋಲ್ಕತ್ತಾ ಸೋನಾಗಾಚಿಯ ಇದೇ ವೃತ್ತಿ ಹೆಂಗಸರ ದರ್ಬಾರ್ ಸಂಘದೋರು 1995ರಲ್ಲೇ ಉಷಾ ಅಂತ ಸಾಲ ಕೊಡೋ ತಮ್ಮದೇ ಸಹಕಾರಿ ಸೊಸೈಟಿ ಮಾಡ್ಕೊಂಡ್ರು, ಮೀಟರ್ ಬಡ್ಡಿಯೋರ ಕೈಯಿಂದ ತಪ್ಪಿಸ್ಕೊಂಡಿದ್ದು ಹಂಗೆ. ಅದಕ್ಕೆ ವೃತ್ತಿ ಲೈಸೆನ್ಸ್ ಬೇಕಾಗ್ಲಿಲ್ಲ.

ಮಲಪ್ರಭಾ ದಂಡಿ:

ಅಕ್ಕಾರ, ಅವ್ರ ಸಿಟ್ಟು ನನಗ ತಿಳೀತದ. ಅವ್ರು ಈಗ ಅಲ್ಲಿ ಅದಾರ, ಇವತ್ತಿನ ಬದುಕಿಗೆ ಹಕ್ಕು ಕೇಳ್ತಾರ, ಕೊಡ್ರಿ. ನಾ ಕೇಳೂದು ಅವರ ಮಗಳ ಬಗ್ಗೆ. ಎರಡಕ್ಕೂ ಒಂದ ಕಾಯ್ದೆ ಉತ್ತರ ಕೊಡೂದಿಲ್ಲ ಅನ್ನೂದಷ್ಟ ನನ್ನ ಮಾತು.

ಸ್ಟುಟ್‌ಗಾರ್ಟ್ ಕನ್ನಡಿಗ:

ಜರ್ಮನಿ ಹೆಸರು ಬಂದಿದ್ದಕ್ಕೆ ಬರೀತಿದೀನಿ, ಇಲ್ಲಿದ್ದು ಸುಮಾರು ವರ್ಷ ಆಯ್ತು. ಲೈಸೆನ್ಸ್ ಕೊಟ್ಟು ಟ್ಯಾಕ್ಸ್ ತಗೊಂಡ್ರೆ ಮುಗೀತು ಅನ್ನೋ ಫ್ರೆಂಡ್‌ಗೆ ಇದನ್ನ ತೋರ್ಸಿ. ಇಲ್ಲಿ 2002ರಲ್ಲಿ ಕಾನೂನು ಬದಲಾಯ್ತು, ಉಳಿದ ಉದ್ಯೋಗಿಗಳ ಥರ ಇನ್ಶೂರೆನ್ಸ್, ಪಿಂಚಣಿ ಸಿಗುತ್ತೆ ಅನ್ನೋದು ಉದ್ದೇಶ, ಆದ್ರೆ ಉದ್ಯೋಗದ ಕರಾರು ಮಾಡ್ಕೊಂಡು ಆ ಲೆಕ್ಕಕ್ಕೆ ಬಂದೋರು ತೀರಾ ಕಮ್ಮಿ. 2017ರಿಂದ ರಿಜಿಸ್ಟ್ರೇಷನ್ ಕಡ್ಡಾಯ, ಕಾಂಡೋಮ್ ಕಡ್ಡಾಯ. 2023ರ ಕೊನೆಗೆ ರಿಜಿಸ್ಟರ್ ಆಗಿದ್ದೋರು ಸುಮಾರು 30 ಸಾವಿರ, ನಿಜವಾಗಿ ಈ ಕೆಲಸದಲ್ಲಿರೋರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ಎಲ್ರೂ ಒಪ್ತಾರೆ. ರಿಜಿಸ್ಟರ್ ಆದೋರಲ್ಲೂ ಜರ್ಮನ್ ಹೆಂಗಸರು ಐದರಲ್ಲಿ ಒಬ್ಬರೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ರೊಮೇನಿಯಾದೋರು, ಆಮೇಲೆ ಬಲ್ಗೇರಿಯಾ. ಯುರೋಪಿಯನ್ ಯೂನಿಯನ್‌ನಲ್ಲಿ ಬಡ ದೇಶಗಳು ಯಾವುವು ಅಂತ ಮ್ಯಾಪ್ ತೆಗೆದು ನೋಡಿದ್ರೆ ಇವೇ. ಮೇಲೆ ಮೇಡಂ ಕೇಳಿದ್ರಲ್ಲ ನಮ್ಮ ಕೇರಿಗಷ್ಟೇ ಯಾಕೆ ಬಂತು ಅಂತ, ಇಲ್ಲಿ ಅದು ಕೇರಿ ಬದಲು ದೇಶ, ಅಷ್ಟೇ ವ್ಯತ್ಯಾಸ.

ಲೈಸೆನ್ಸ್ ಇಲ್ದೆ ಬರೀ ಅಪರಾಧ ಅನ್ನೋದನ್ನ ತೆಗೆದಿದ್ದು ನ್ಯೂಜಿಲೆಂಡ್, 2003ರಲ್ಲಿ. ಅಲ್ಲಿ ನಾಲ್ಕು ಜನದವರೆಗೂ ಸೇರಿ ಸ್ವಂತ ನಡೆಸೋಕೆ ಲೈಸೆನ್ಸ್ ಬೇಡ, ಓನರ್ ಕೈಕೆಳಗೆ ಇರ್ಬೇಕಾಗಿಲ್ಲ, ಯಾವಾಗ ಬೇಕಾದ್ರೂ ಬೇಡ ಅನ್ನೋ ಹಕ್ಕು ಕಾನೂನಲ್ಲೇ ಬರೆದಿದೆ. ಧಾರವಾಡದ ಸರ್ ಹೇಳಿದ ಇಬ್ಬರು ಹೆಂಗಸರ ರೂಮ್ ವಿಷ್ಯ ಅಲ್ಲಿ ಅಪರಾಧನೇ ಅಲ್ಲ. ಆದ್ರೆ ತಾತ್ಕಾಲಿಕ ವೀಸಾದಲ್ಲಿ ಹೋದೋರಿಗೆ ಆ ರಕ್ಷಣೆ ಇಲ್ಲ, ಅವ್ರು ಈ ಕೆಲಸ ಮಾಡೋ ಹಾಗೇ ಇಲ್ಲ. ಎಲ್ಲಾ ಕಡೆ ಹೀಗೇ, ಯಾರು ಅತಿ ಬಡವರೋ ಅವ್ರು ಕಾನೂನಿನ ಹೊರಗೇ ಉಳೀತಾರೆ.

ಫ್ಲೈಓವರ್ ಪಕ್ಕದ ಮನೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಾ ಅನ್ಕೊಂಡಿರ್ಲಿಲ್ಲ. ಗ್ರೂಪಲ್ಲಿ ಸೈನ್ ಹಾಕಲ್ಲ ಅಂತ ಹೇಳ್ದೆ, ಓಡಿಸೋ ಬದ್ಲು ಫ್ಲೈಓವರ್ ಕೆಳಗೆ ಲೈಟ್ ಹಾಕಿಸೋಕೆ ಅರ್ಜಿ ಕೊಡೋಣ ಅಂದೆ, ಇಬ್ಬರು ಒಪ್ಪಿದಾರೆ, ಉಳಿದೋರು ಬೈದ್ರು, ಬೈಲಿ. ವಕೀಲರೇ, ಆಧಾರ್ ವ್ಯವಸ್ಥೆ ಅಂದ್ರಲ್ಲ ಅದು ಹೇಗೆ? ಅಡ್ರೆಸ್ ಪ್ರೂಫ್ ಇಲ್ದೋರಿಗೆ ಸಿಗುತ್ತಾ?

ಧಾರವಾಡ ವಕೀಲ:

ಸಿಗುತ್ತೆ. ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಗೆಜೆಟೆಡ್ ಅಧಿಕಾರಿ, ಇಲ್ಲಾ ರಾಜ್ಯ ಏಡ್ಸ್ ಸಂಸ್ಥೆ ಪ್ರಾಜೆಕ್ಟ್ ಡೈರೆಕ್ಟರ್ ಒಂದು ನಮೂನೆ ಪ್ರಮಾಣಪತ್ರ ಕೊಟ್ರೆ ಸಾಕು, ಅದರ ಮೇಲೆ ಆಧಾರ್ ಕೊಡ್ಬೇಕು, ಕಾರ್ಡಲ್ಲಿ ವೃತ್ತಿ ಗೊತ್ತಾಗೋ ಹಾಗೆ ಏನೂ ಇರಬಾರದು ಅಂತ ಕೋರ್ಟ್ ಹೇಳಿದೆ. ಟಿಐ ಪ್ರಾಜೆಕ್ಟ್ ನಡೆಸೋ ಸಂಸ್ಥೆ ಮೂಲಕ ಹೋದ್ರೆ ಸುಲಭ. ಆಧಾರ್ ಬಂದ್ಮೇಲೆ ಪ್ರತ್ಯೇಕ ರೇಷನ್ ಕಾರ್ಡ್‌ಗೆ ಅರ್ಜಿ ಹಾಕೋದು ಮರೀಬೇಡಿ, ಅಕ್ಕ ಹೇಳಿದ ಹಾಗೆ ಉಳಿದದ್ದೆಲ್ಲ ಅದರ ಮೇಲೆ ನಿಂತಿರೋದು.

ಮಲಪ್ರಭಾ ದಂಡಿ:

ವಕೀಲ್ ಸಾಹೇಬ್ರ, ನಂದೂ ಒಂದು ಐತ್ರಿ. ನಮ್ಮ ಚಿಗವ್ವನ ಹೆಸರು ಎರಡೂ ಸರ್ವೇದಾಗ ಬಿಟ್ಟೈತಿ, ಅವಾಗ ಆಕಿ ಪುಣೆಯೊಳಗಿದ್ಲು. ಈಗ ಊರಾಗ ಅದಾಳ, ಪಿಂಚಣಿ ಇಲ್ಲ. ಹೊಸ ಸರ್ವೇದಾಗ ಸೇರಸಾಕ ಹೋದ್ರ ದಾಖಲೆ ತಾ ಅಂತಾರ. ಮುತ್ತು ಕಟ್ಟಿದ್ದಕ್ಕ ಯಾವ ದಾಖಲೆ ತರೂದ್ರಿ?

ಧಾರವಾಡ ವಕೀಲ:

ಬಾಯಿಮಾತಲ್ಲಿ ಬಿಡಬ್ಯಾಡ್ರಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೋರಿ, ಬೇಡ ಅಂದ್ರ ಯಾಕ ಬೇಡ ಅಂತ ಲಿಖಿತದಾಗ ಕೇಳ್ರಿ. ಅದೇ ಊರಿನ, ಸರ್ವೇಯೊಳಗ ಹೆಸರಿರೋ ಹಿರಿಯ ಹೆಣ್ಣುಮಕ್ಕಳ ಕಡೆಯಿಂದ ಅಫಿಡವಿಟ್ ಮಾಡಿಸ್ರಿ, ಮಕ್ಕಳ ಸಾಲಿ ದಾಖಲೆಯೊಳಗ ತಾಯಿ ಹೆಸರಷ್ಟ ಇದ್ರ ಅದನ್ನೂ ಹಚ್ಚರಿ. ಆಮೇಲೆ ತಾಲೂಕು ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಇರ್ತದ, ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿಯವರಿಗೂ ಆದಾಯ ಎಷ್ಟಿದ್ರೂ ಅಲ್ಲಿ ವಕೀಲರು ಫ್ರೀ, ಫೋನ್ ಮಾಡೋದಾದ್ರ 15100. ಅರ್ಜಿ ಕರಡು ಬೇಕಿದ್ರ ನನಗ ಮೆಸೇಜ್ ಮಾಡ್ರಿ, ನಾನೇ ಬರೆದು ಕೊಡ್ತೀನಿ, ಫೀ ಏನೂ ಬ್ಯಾಡ.